ಹಿತ್ತಲ ಕೋಳಿಗೂಡಿನ ಅಳತೆ: ಮಲೆನಾಡಿನ ಮಳೆಗಾಲವನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕುವ ಕ್ರಮ

ಹಿತ್ತಲಲ್ಲಿ ಕೋಳಿಗೂಡು ಕಟ್ಟಲು ಹೊರಟವರು ಮೊದಲು ಕೇಳುವುದು ಒಂದು ಕೋಳಿಗೆ ಎಷ್ಟು ಜಾಗ ಬೇಕು ಎಂದು. ಒಂದೂವರೆ ಚದರಡಿ ಸಾಕು ಎನ್ನುವವರಿದ್ದಾರೆ, ನಾಲ್ಕು ಬೇಕು ಎನ್ನುವವರಿದ್ದಾರೆ, ಹತ್ತಕ್ಕೆ ಕಡಿಮೆಯಾದರೆ ಆಗದು ಎನ್ನುವವರೂ ಇದ್ದಾರೆ. ಮೂವರೂ ಹೇಳುವುದು ಸರಿಯೇ. ಹಗಲೆಲ್ಲ ತೋಟದಲ್ಲಿ ಮೇದು ರಾತ್ರಿ ಮಾತ್ರ ಗೂಡಿಗೆ ಬರುವ ಕೋಳಿಗೆ ಒಂದೂವರೆ ಚದರಡಿ ಸಾಲುತ್ತದೆ. ಗೂಡಿಗೆ ಹೊಂದಿಕೊಂಡಂತೆ ಜಾಲರಿಯ ಅಂಗಳವೊಂದಿದ್ದರೆ ಗೂಡಿನೊಳಗೆ ಮೂರು ನಾಲ್ಕು ಚದರಡಿ ಕೊಡುವುದು ವಾಡಿಕೆ. ಹೊರಗೆ ಬಿಡಲು ಸಾಧ್ಯವೇ ಇಲ್ಲದ ಕಡೆ ಗೂಡು ಅಂಗಳ ಎರಡೂ ಸೇರಿ ಹತ್ತು ಚದರಡಿಯಾದರೂ ಬೇಕು. ಆದ್ದರಿಂದ ಅಳತೆ ಹಿಡಿಯುವ ಮೊದಲು ತೀರ್ಮಾನಿಸಬೇಕಾದದ್ದು ನಮ್ಮ ಕೋಳಿಗಳು ವರ್ಷದಲ್ಲಿ ಎಷ್ಟು ದಿನ ಒಳಗೇ ಉಳಿಯುತ್ತವೆ ಎಂಬುದನ್ನು.

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಯ ಕಡೆ ವರ್ಷದ ಮಳೆ 2000 ಮಿ.ಮೀ. ಮೀರುತ್ತದೆ, ಆರಿದ್ರಾ ಹಿಡಿದರೆ ಪುನರ್ವಸು, ಪುಷ್ಯ ಮುಗಿಯುವವರೆಗೆ ಕೋಳಿಗಳು ಸೂರಿನಡಿಯಿಂದ ಕದಲದ ದಿನಗಳೇ ಹೆಚ್ಚು. ಅದೇ ಕಡೂರು, ಅರಸೀಕೆರೆಯ ಕಡೆ ಮಳೆಗಿಂತ ಬೇಸಿಗೆಯ ಬಿಸಿಲೇ ಕೋಳಿಗೆ ಕಷ್ಟ. ಬೇಲೂರು, ಆಲೂರಿನಂಥ ಅರೆಮಲೆನಾಡಿನ ಊರುಗಳು ಇವೆರಡರ ನಡುವೆ ಬರುತ್ತವೆ. ಗೂಡಿನ ಅಳತೆಯನ್ನು ಮಾಘ ಮಾಸದ ಒಣ ದಿನಕ್ಕೆ ಹೊಂದಿಸಿದರೆ ಆಷಾಢದಲ್ಲಿ ಅದು ಕಿರಿದಾಗುತ್ತದೆ; ಆಷಾಢಕ್ಕೆ ಹೊಂದಿಸಿದರೆ ಉಳಿದ ತಿಂಗಳುಗಳಲ್ಲಿ ಹೆಚ್ಚುವರಿ ಜಾಗದಿಂದ ಯಾವ ನಷ್ಟವೂ ಇಲ್ಲ. ಹಿಮ ಬೀಳುವ ದೇಶಗಳಲ್ಲಿ ಗೂಡು ದೊಡ್ಡದಾದರೆ ಕೋಳಿಗೆ ಚಳಿ ಹಿಡಿಯುತ್ತದೆ ಎಂದು ಎಚ್ಚರಿಸುತ್ತಾರೆ. ನಮ್ಮಲ್ಲಿ ಆ ಭಯಕ್ಕೆ ಕಾರಣವಿಲ್ಲ; ಪುಕ್ಕ ಒಣಗಿದ್ದರೆ ಬೆಳೆದ ಕೋಳಿ ಬಾಬಾಬುಡನ್‌ಗಿರಿಯ ತಪ್ಪಲಿನ ಚಳಿಯನ್ನೂ ಸಲೀಸಾಗಿ ತಡೆದುಕೊಳ್ಳುತ್ತದೆ.

ಮೊದಲ ಹೆಜ್ಜೆ: ಎಣಿಕೆ

ಎಣಿಕೆ ಎಂದರೆ ಇಂದು ತರುವ ಕೋಳಿಗಳ ಸಂಖ್ಯೆಯಲ್ಲ. ವರ್ಷದ ಯಾವುದೋ ಒಂದು ವಾರದಲ್ಲಿ ಹಿತ್ತಲಲ್ಲಿ ಅತಿ ಹೆಚ್ಚು ಕೋಳಿಗಳಿರುತ್ತವೆ. ಗೂಡಿಗೆ ಬೇಕಾದದ್ದು ಆ ಸಂಖ್ಯೆ. ನಾಟಿ ಕೋಳಿ ಸಾಕುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ನಾಟಿ ಹೇಂಟೆ ಹದಿನೈದಿಪ್ಪತ್ತು ಮೊಟ್ಟೆ ಇಟ್ಟ ಮೇಲೆ ಕಾವಿಗೆ ಕೂರುತ್ತದೆ, 21 ದಿನಕ್ಕೆ ಮರಿ ಮಾಡುತ್ತದೆ, ಆ ಮರಿಗಳಲ್ಲಿ ಉಳಿದವು ಮಾರುವ ಅಥವಾ ಅಡುಗೆಗೆ ಬರುವ ಗಾತ್ರ ಮುಟ್ಟಲು ಐದಾರು ತಿಂಗಳು ಹಿಡಿಯುತ್ತದೆ. ಐದು ಹೇಂಟೆ, ಒಂದು ಹುಂಜ ಎಂದು ಆರಂಭಿಸಿದ ಮನೆಯಲ್ಲಿ ಎರಡು ಹೇಂಟೆಗಳು ಒಟ್ಟಿಗೆ ಮರಿ ಮಾಡಿದರೆ, ಹದ್ದು, ಬೆಕ್ಕು, ರೋಗಗಳ ಪಾಲು ಕಳೆದ ಮೇಲೂ ಹನ್ನೆರಡು ಮರಿಗಳು ಉಳಿಯುತ್ತವೆಂದು ಲೆಕ್ಕ ಇಟ್ಟುಕೊಳ್ಳಬಹುದು. ಅಲ್ಲಿಗೆ ಆರು ಕೋಳಿಯ ಮನೆ ಹದಿನೆಂಟರ ಮನೆಯಾಯಿತು. ಗಿರಿರಾಜ, ಸ್ವರ್ಣಧಾರದಂಥ ತಳಿಗಳಲ್ಲಿ ಈ ಏರಿಕೆ ಇಲ್ಲ. ಅವು ಕಾವಿಗೆ ಕೂರುವುದು ಅಪರೂಪ, ಮರಿಗಳನ್ನು ಹೊರಗಿನಿಂದಲೇ ತರಬೇಕಾಗುತ್ತದೆ. ಆದರೆ ಅಲ್ಲಿ ಮೈ ದೊಡ್ಡದು. ನಾಟಿ ಹೇಂಟೆಯ ತೂಕ ಸಾಮಾನ್ಯವಾಗಿ ಒಂದೂಕಾಲು ಒಂದೂವರೆ ಕಿಲೋ ಇದ್ದರೆ, ಬೆಳೆದ ಗಿರಿರಾಜ ಅದರ ಎರಡರಷ್ಟು ತೂಗುತ್ತದೆ, ಹುಂಜ ಇನ್ನೂ ಹೆಚ್ಚು.

ಮೊಟ್ಟೆಯ ಕಡೆಯಿಂದಲೂ ಎಣಿಕೆಯನ್ನು ತಾಳೆ ನೋಡಬಹುದು. ನಾಟಿ ಹೇಂಟೆ ವರ್ಷಕ್ಕೆ ಅರವತ್ತು ಎಂಬತ್ತು ಮೊಟ್ಟೆ ಕೊಟ್ಟರೆ ಚೆನ್ನಾಗಿ ಕೊಟ್ಟಂತೆ. ಗಿರಿರಾಜ ಒಳ್ಳೆಯ ಆರೈಕೆಯಲ್ಲಿ ನೂರನಲವತ್ತರ ಸುತ್ತಮುತ್ತ ಇಡುತ್ತದೆ. ವಾರಕ್ಕೆ ಹದಿನೈದು ಮೊಟ್ಟೆ ಬೇಕಾದ ಮನೆಗೆ ಐದಾರು ಗಿರಿರಾಜ ಹೇಂಟೆ ಸಾಕಾಗುತ್ತವೆ, ನಾಟಿಯಾದರೆ ಹತ್ತಾದರೂ ಬೇಕು. ಮೊಟ್ಟೆಗಷ್ಟೇ ಸಾಕುವವರಿಗೆ ಹುಂಜ ಅನಿವಾರ್ಯವಲ್ಲ; ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ. ಪಟ್ಟಣದ ಒತ್ತೊತ್ತಾದ ಬಡಾವಣೆಯಲ್ಲಿ ನೆರೆಯವರ ನಿದ್ದೆಯನ್ನೂ ಗಣನೆಗೆ ತೆಗೆದುಕೊಂಡು ಹುಂಜವನ್ನು ಬಿಡುವುದೇ ಒಳ್ಳೆಯದು. ನಗರಸಭೆಯ ವ್ಯಾಪ್ತಿಯಲ್ಲಿರುವವರು ಕೆಲಸ ಆರಂಭಿಸುವ ಮೊದಲೇ ಅಲ್ಲಿ ವಿಚಾರಿಸಿಕೊಳ್ಳಬೇಕು.

ಎರಡನೆಯ ಹೆಜ್ಜೆ: ರಾತ್ರಿಯ ಜಾಗ, ಹಗಲಿನ ಜಾಗ

ರಾತ್ರಿಗೂಡು ಮತ್ತು ಹಗಲಂಗಳ ಇವೆರಡನ್ನೂ ಬೇರೆ ಬೇರೆಯಾಗಿಯೇ ಅಳೆಯಬೇಕು. ರಾತ್ರಿ ಕೋಳಿ ನೆಲದ ಮೇಲೆ ಮಲಗುವುದಿಲ್ಲ, ಅಡ್ಡಗೋಲಿನ ಮೇಲೆ ಕೂರುತ್ತದೆ. ಆಗ ಬೇಕಾದದ್ದು ಕೋಲಿನ ಉದ್ದ ಮತ್ತು ಗಾಳಿ. ಹಗಲಲ್ಲಿ ಅದಕ್ಕೆ ಕೆರೆಯಲು, ಮಣ್ಣಿನಲ್ಲಿ ಹೊರಳಲು, ಜಗಳಗಂಟ ಕೋಳಿಯಿಂದ ದೂರ ಸರಿಯಲು ನೆಲ ಬೇಕು. ಮಳೆನಾಡಿಗೆ ನಾನು ಸೂಚಿಸುವ ಲೆಕ್ಕ ಹೀಗಿದೆ: ಬೆಳೆದ ನಾಟಿ ಕೋಳಿಯೊಂದಕ್ಕೆ ರಾತ್ರಿಗೂಡಿನಲ್ಲಿ 2 ಚದರಡಿ, ಸೂರು ಹೊದಿಸಿದ ಅಂಗಳದಲ್ಲಿ 5 ಚದರಡಿ, ಬೆಳೆಯುವ ಮರಿಗೆ ಇದರ ಅರ್ಧ, ಅಂದರೆ 1 ಮತ್ತು 2.5, ಗಿರಿರಾಜದಂಥ ಭಾರದ ಕೋಳಿಗೆ 3.5 ಮತ್ತು 8.5. ಇದು ಹೊರಗೆ ಬಿಡಲಾಗದ ದಿನಗಳಿಗೆ ಹೊಂದಿಸಿದ ಅಳತೆ. ಮಳೆ ಬಿಟ್ಟ ದಿನ ಕೋಳಿಗಳು ತೋಟಕ್ಕೆ ಹೋಗುತ್ತವೆಂದು ಇದರಲ್ಲಿ ಕಡಿತ ಮಾಡಬಾರದು.

ಮೇಲಿನ ನಾಟಿ ಸಂಸಾರಕ್ಕೆ ಇದನ್ನು ಅನ್ವಯಿಸಿ ನೋಡೋಣ. ಆರು ದೊಡ್ಡ ಕೋಳಿಗೆ 12 ಚದರಡಿ, ಹನ್ನೆರಡು ಮರಿಗೆ 12 ಚದರಡಿ, ಒಟ್ಟು 24: ರಾತ್ರಿಗೂಡು 6 ಅಡಿಗೆ 4 ಅಡಿ. ಅಂಗಳಕ್ಕೆ 30 ಮತ್ತು 30, ಒಟ್ಟು 60: 6 ಅಡಿಗೆ 10 ಅಡಿ. ಎರಡನ್ನೂ ಒಂದರ ಪಕ್ಕ ಒಂದು ಜೋಡಿಸಿದರೆ 14 ಅಡಿ ಉದ್ದ, 6 ಅಡಿ ಅಗಲದ ಒಂದೇ ಕಟ್ಟಡವಾಗುತ್ತದೆ. ಇದೇ ಕಟ್ಟಡದಲ್ಲಿ ಗಿರಿರಾಜ ಸಾಕುವುದಾದರೆ ಏಳಕ್ಕೆ 24.5 ಮತ್ತು 59.5 ಚದರಡಿ ಬೇಕಾಗುತ್ತದೆ, ಅಂದರೆ ಹೆಚ್ಚುಕಡಿಮೆ ಅಷ್ಟೇ. ನಾಟಿ ಕೋಳಿಯ ಒಂದು ತುಂಬಿದ ಸಂಸಾರ ಮತ್ತು ಏಳು ಗಿರಿರಾಜ ಕೋಳಿಗಳು ಒಂದೇ ಅಳತೆಯ ಗೂಡನ್ನು ಕೇಳುತ್ತವೆ.

ಕಡೂರು, ಅರಸೀಕೆರೆಯ ಕಡೆಯವರಿಗೆ ರಾತ್ರಿಗೂಡಿನ ಅಳತೆ ಇಷ್ಟೇ ಇರಲಿ. ಅಂಗಳದ ಅರ್ಧಕ್ಕೆ ಮಾತ್ರ ಸೂರು ಸಾಕು. ಉಳಿದರ್ಧಕ್ಕೆ ಮೇಲೆ ಜಾಲರಿ ಹೊದಿಸಿ, ಹೊಂಗೆಯ ಅಥವಾ ಬೇವಿನ ನೆರಳಿದ್ದರೆ ಅದನ್ನು ಬಳಸಿಕೊಳ್ಳಬಹುದು. ಅಲ್ಲಿ ರಾತ್ರಿಗೂಡಿನ ಗೋಡೆಗಳನ್ನು ಮೂರು ಕಡೆ ಜಾಲರಿಯಿಂದಲೇ ಮಾಡಿದರೂ ತೊಂದರೆಯಿಲ್ಲ, ಬೇಸಿಗೆಯಲ್ಲಿ ಅದೇ ಹಿತ.

ಜಾಗ ಮೊದಲೇ ಗೊತ್ತಿದ್ದು ಕೋಳಿಯ ಸಂಖ್ಯೆ ಗೊತ್ತಿಲ್ಲದವರು ಲೆಕ್ಕವನ್ನು ತಿರುಗಿಸಬೇಕು. ಮೂವತ್ತು ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿ ಹಿಂದೆ 4 ಅಡಿಗೆ 10 ಅಡಿ ಉಳಿದಿದೆ ಎಂದುಕೊಳ್ಳಿ. 40 ಚದರಡಿಯಲ್ಲಿ ಭಾರದ ತಳಿಯಾದರೆ ಮೂರು, ಮರಿ ಮಾಡಿಸದ ನಾಟಿಯಾದರೆ ಐದು. ಆರನೆಯದನ್ನು ಸೇರಿಸುವ ಆಸೆ ಯಾರಿಗಾದರೂ ಆಗುತ್ತದೆ, ಆದರೆ ಮಳೆಗಾಲದಲ್ಲಿ ಆ ಆರನೆಯದೇ ಪುಕ್ಕ ಕಿತ್ತುಕೊಂಡು ಮೂಲೆಯಲ್ಲಿ ನಿಲ್ಲುತ್ತದೆ.

ಮೂರನೆಯ ಹೆಜ್ಜೆ: ನೆಲದ ಮೇಲೆ ಗುರುತು, ದಿಕ್ಕು

ಕಾಗದದ ಮೇಲೆ ಬಂದ ಅಳತೆಯನ್ನು ಗೂಟ, ಹಗ್ಗ, ಸುಣ್ಣದ ಪುಡಿಯಿಂದ ನೆಲದ ಮೇಲೆ ಎಳೆದು ನೋಡಬೇಕು. ಗುರುತಿನೊಳಗೆ ನಿಂತು ಪೊರಕೆ ಆಡಿಸಲು, ಮಂಕರಿ ಹಿಡಿದು ತಿರುಗಲು ಆಗುತ್ತದೆಯೇ ನೋಡಿ. ಆರು ಅಡಿ ಅಗಲದಲ್ಲಿ ಇದು ಆರಾಮವಾಗಿ ಆಗುತ್ತದೆ, ನಾಲ್ಕು ಅಡಿಯಲ್ಲಿ ಕಷ್ಟ. ಗುಡಿಸಲು ಕಷ್ಟವಾದ ಗೂಡನ್ನು ಯಾರೂ ಹೆಚ್ಚು ದಿನ ಗುಡಿಸುವುದಿಲ್ಲ.

ಉದ್ದದ ಬದಿ ಪೂರ್ವಪಶ್ಚಿಮವಾಗಿ ಬರಲಿ. ರಾತ್ರಿಗೂಡು ಪಶ್ಚಿಮದ ತುದಿಯಲ್ಲಿರಲಿ, ಅದರ ಪಶ್ಚಿಮದ ಗೋಡೆ ಪೂರ್ತಿ ಮುಚ್ಚಿರಲಿ, ಅಂಗಳ ಪೂರ್ವಕ್ಕಿರಲಿ. ನಮ್ಮ ಮಳೆ ನೈಋತ್ಯದಿಂದ, ಪಶ್ಚಿಮದಿಂದ ಹೊಡೆಯುತ್ತದೆ. ಹೀಗಿಟ್ಟಾಗ ಗೂಡೇ ಅಂಗಳಕ್ಕೆ ಮಳೆಗೋಡೆಯಾಗುತ್ತದೆ, ಬೆಳಗಿನ ಎಳೆಬಿಸಿಲು ಪೂರ್ವದಿಂದ ಅಂಗಳದೊಳಕ್ಕೆ ನೇರವಾಗಿ ಬರುತ್ತದೆ. ಜಾಗವಿದ್ದರೆ ಗೂಡನ್ನು ವಾಸದ ಮನೆಯ ಪೂರ್ವಕ್ಕೆ ಕಟ್ಟುವುದು ಲೇಸು. ಮಳೆಗಾಲದ ಗಾಳಿ ವಾಸನೆಯನ್ನು ಮನೆಯಿಂದಾಚೆಗೆ ಒಯ್ಯುತ್ತದೆ. ಇಳಿಜಾರಿನ ಜಾಗವಾದರೆ ಮಟ್ಟ ಮಾಡಿ, ಮೇಲ್ಬದಿಯಲ್ಲಿ ಒಂದು ಕಾಲುವೆ ತೆಗೆದು ಓಡುನೀರನ್ನು ಪಕ್ಕಕ್ಕೆ ತಿರುಗಿಸಬೇಕು. ಅಂಗಳದ ನೆಲ ಸುತ್ತಲಿನ ನೆಲಕ್ಕಿಂತ ಅರ್ಧ ಅಡಿ ಎತ್ತರ ಇರಲೇಬೇಕು.

ನಾಲ್ಕನೆಯ ಹೆಜ್ಜೆ: ಅಂಗಡಿಯ ಅಳತೆಗೆ ಹೊಂದಿಸುವುದು

ಜಿಂಕ್ ಶೀಟು 3 ಅಡಿ ಅಗಲದಲ್ಲಿ, 6, 8, 10, 12 ಅಡಿ ಉದ್ದದಲ್ಲಿ ಸಿಗುತ್ತದೆ. ಪ್ಲೈವುಡ್ 8 ಅಡಿಗೆ 4 ಅಡಿ. ಜಾಲರಿಯ ಸುರುಳಿ ಸಾಮಾನ್ಯವಾಗಿ 3 ಅಥವಾ 4 ಅಡಿ ಅಗಲ. ನಿಮ್ಮ ಅಳತೆ ಇವುಗಳೊಂದಿಗೆ ಹೊಂದದಿದ್ದರೆ ಪ್ರತಿ ಶೀಟಿನಲ್ಲೂ ಒಂದು ತುಂಡು ವ್ಯರ್ಥವಾಗುತ್ತದೆ. 6 ಅಡಿ ಅಗಲದ ಗೂಡಿಗೆ 10 ಅಡಿಯ ಶೀಟನ್ನು ಅಡ್ಡಲಾಗಿ ಹಾಕಿ. ಉತ್ತರದ ಕಂಬ ಏಳೂವರೆ ಅಡಿ, ದಕ್ಷಿಣದ ಕಂಬ ಆರು ಅಡಿ ಎತ್ತರವಿದ್ದರೆ ನೀರು ನಿಲ್ಲದ ಇಳಿಜಾರು ಸಿಗುತ್ತದೆ. ಎರಡೂ ಬದಿಗೆ ಸೂರು ಒಂದು ಅಡಿ ಹತ್ತು ಅಂಗುಲದಷ್ಟು ಹೊರಚಾಚುತ್ತದೆ, ಮಳೆ ಹೊಡೆಯುವ ದಕ್ಷಿಣದಲ್ಲಿ ಸೂರು ತಗ್ಗಾಗಿರುತ್ತದೆ. ಉದ್ದಕ್ಕೂ ಎರಡು ತುದಿಗಳಲ್ಲಿ ಎರಡೆರಡು ಅಡಿ ಚಾಚು ಸೇರಿ 18 ಅಡಿ ಮುಚ್ಚಬೇಕು. ಒಂದರ ಮೇಲೊಂದು ಐದಾರು ಅಂಗುಲ ಹತ್ತಿಸಿದರೆ ಏಳು ಶೀಟು ಸರಿಹೋಗುತ್ತದೆ. ಹಳೆಯ ಮನೆ ಬಿಚ್ಚಿದ ಮಂಗಳೂರು ಹೆಂಚು ಇದ್ದರೆ ಬೇಸಿಗೆಗೆ ಅದು ತಂಪು, ಆದರೆ ಹೆಂಚಿಗೆ ಇಳಿಜಾರು ಇನ್ನೂ ಕಡಿದಾಗಿರಬೇಕು, ಪಕಾಸಿ ರೀಪುಗಳೂ ಗಟ್ಟಿಯಿರಬೇಕು.

ಸೂರಿನ ಚಾಚನ್ನು ಉಳಿತಾಯದ ಹೆಸರಿನಲ್ಲಿ ಕತ್ತರಿಸಬೇಡಿ. ಎರಡು ಅಡಿ ಚಾಚು ಇದ್ದರೂ ಪುಷ್ಯ ಮಳೆಯ ಎರಚಲು ಒಳಗೆ ಬರುತ್ತದೆ. ದಕ್ಷಿಣದ ಬದಿಗೆ ಮೂರು ತಿಂಗಳ ಮಟ್ಟಿಗೆ ಸೋಗೆಯ ತಟ್ಟಿಯನ್ನೋ ಟಾರ್ಪಾಲನ್ನೋ ಅರ್ಧ ಎತ್ತರಕ್ಕೆ ಕಟ್ಟಬೇಕಾಗುತ್ತದೆ. ಪೂರ್ತಿ ಕಟ್ಟಿದರೆ ಗಾಳಿ ನಿಲ್ಲುತ್ತದೆ.

ಐದನೆಯ ಹೆಜ್ಜೆ: ರಾತ್ರಿಗೂಡಿನ ಒಳಗೆ

ನೆಲವನ್ನು ಅಂಗಳದಿಂದ 2 ಅಡಿ ಎತ್ತರಿಸಿ. ಅಡಿಕೆ ದಬ್ಬೆಯನ್ನು ಸಂದು ಬಿಟ್ಟು ಹಾಸಿ ಹಿಕ್ಕೆ ಕೆಳಗೆ ಬೀಳುವಂತೆ ಮಾಡುವುದು ಮಲೆನಾಡಿನಲ್ಲಿ ರೂಢಿ. ಆದರೆ ಮಳೆಗಾಲದಲ್ಲಿ ಕೆಳಗೆ ಬಿದ್ದದ್ದು ಒಣಗದೆ ಹುಳು ಹಿಡಿಯುತ್ತದೆ, ನಾತ ಅದೇ ಸಂದಿನಿಂದ ಮೇಲೇರುತ್ತದೆ. ಸೋರದ ಸೂರಿದ್ದರೆ ಹಲಗೆಯ ಮುಚ್ಚುನೆಲ ಮಾಡಿ 4 ಅಂಗುಲ ಭತ್ತದ ಹೊಟ್ಟು ಅಥವಾ ಮರದ ಹೊಟ್ಟು ಹರಡುವುದು ನನ್ನ ಎಣಿಕೆಯಲ್ಲಿ ಮೇಲು. ಹಲಗೆಯ ಅಡಿಯಲ್ಲಿ ಉಳಿಯುವ 24 ಚದರಡಿ ಒಣ ಮಣ್ಣು ಕೋಳಿಗಳಿಗೆ ಹೊರಳುವ ಜಾಗವಾಗುತ್ತದೆ. ಅದನ್ನು ಅಂಗಳದ ಲೆಕ್ಕಕ್ಕೆ ಸೇರಿಸಬಾರದು. ಹೊಟ್ಟು ಹೊರಗೆ ಚೆಲ್ಲದಂತೆ ಬಾಗಿಲಿನ ಹೊಸ್ತಿಲು 6 ಅಂಗುಲ ಎತ್ತರವಿರಲಿ.

ಅಡ್ಡಗೋಲಿನ ಲೆಕ್ಕ: ನಾಟಿ ಕೋಳಿಗೆ 9 ಅಂಗುಲ, ಮರಿಗೆ 6, ಗಿರಿರಾಜಕ್ಕೆ 12. ನಮ್ಮ ಹದಿನೆಂಟು ತಲೆಗೆ ಹತ್ತೂವರೆ ಅಡಿ ಬೇಕು, ಅಂದರೆ 6 ಅಡಿಯ ಎರಡು ಕೋಲು. ಮೊದಲನೆಯದು ಪಶ್ಚಿಮದ ಗೋಡೆಯಿಂದ 15 ಅಂಗುಲ, ಎರಡನೆಯದು ಅದರಿಂದ 15 ಅಂಗುಲ ದೂರ. ಮುಂದೆ ಒಂದೂವರೆ ಅಡಿ ನೆಲ ಖಾಲಿ ಉಳಿಯುತ್ತದೆ. ಸಂಜೆ ಕೋಳಿಗಳು ಗೂಡು ಸೇರುವಾಗ ಹತ್ತು ನಿಮಿಷ ನಿಂತು ನೋಡಿದರೆ ಈ ಅಳತೆಗಳ ಅರ್ಥ ತಿಳಿಯುತ್ತದೆ. ಹಿರಿಯ ಹೇಂಟೆ ಮೊದಲು ಹಾರಿ ಎತ್ತರದ ಜಾಗ ಹಿಡಿಯುತ್ತದೆ, ಪಕ್ಕಕ್ಕೆ ಬಂದ ಎಳೆಯದರ ತಲೆಗೆ ಕುಕ್ಕುತ್ತದೆ, ಅದು ಕೆಳಗಿಳಿದು ಇನ್ನೊಂದು ತುದಿಯಿಂದ ಏರುತ್ತದೆ. ಕೋಲು ಸಾಲದಿದ್ದರೆ ಕೊನೆಗೆ ಇಳಿದದ್ದು ಮೊಟ್ಟೆಗೂಡಿನಲ್ಲಿ ಮಲಗಿ ಅದನ್ನು ಹೊಲಸು ಮಾಡುತ್ತದೆ. ಎರಡೂ ಕೋಲುಗಳನ್ನು ಒಂದೇ ಎತ್ತರದಲ್ಲಿ, ಹಲಗೆಯಿಂದ ಒಂದು ಅಡಿ ಒಂಬತ್ತು ಅಂಗುಲಕ್ಕೆ ಇಟ್ಟರೆ ಈ ಪೈಪೋಟಿ ಕಡಿಮೆಯಾಗುತ್ತದೆ. ಗಿರಿರಾಜಕ್ಕೆ ಒಂದು ಅಡಿ ಸಾಕು. ಭಾರದ ಕೋಳಿ ಎತ್ತರದಿಂದ ಜಿಗಿದರೆ ಪಾದ ಊದಿಕೊಳ್ಳುತ್ತದೆ. ಕೋಲು ಎರಡು ಅಂಗುಲ ಅಗಲವಿದ್ದು ಅಂಚು ಉಜ್ಜಿ ನಯ ಮಾಡಿರಬೇಕು. ಸಿಲ್ವರ್ ಮರದ ರೀಪು ಚೆನ್ನಾಗಿ ಒದಗುತ್ತದೆ.

ಮೊಟ್ಟೆಗೂಡು ನಾಲ್ಕೈದು ಹೇಂಟೆಗೆ ಒಂದರಂತೆ, ಉದ್ದ ಅಗಲ ಎತ್ತರ ಮೂರೂ 12 ಅಂಗುಲ, ಗಿರಿರಾಜಕ್ಕೆ 14. ಐದು ಹೇಂಟೆಗೆ ಎರಡು ಮಾಡಿ, ಕಾವಿಗೆ ಕೂರುವುದಕ್ಕೆಂದು ಮೂರನೆಯದನ್ನೂ ಸೇರಿಸಿ. ಉತ್ತರದ ಗೋಡೆಗೆ ಹೊರಗಿನಿಂದ ಅಂಟಿಸಿದರೆ ಒಳಗಿನ ನೆಲ ಉಳಿಯುತ್ತದೆ, ಸೂರಿನಡಿಯಲ್ಲೇ ನಿಂತು ಮುಚ್ಚಳ ಎತ್ತಿ ಮೊಟ್ಟೆ ತೆಗೆಯಬಹುದು. ಅದರ ತಳ ಅಡ್ಡಗೋಲಿಗಿಂತ ತಗ್ಗಿರಲೇಬೇಕು. ಕೋಳಿ ಮಲಗಲು ಯಾವಾಗಲೂ ಎತ್ತರದ ಜಾಗವನ್ನೇ ಆರಿಸುತ್ತದೆ.

ಪೂರ್ವದ ಗೋಡೆಯಲ್ಲಿ ಕೋಳಿಗೆ 12 ಅಂಗುಲ ಅಗಲ, 15 ಅಂಗುಲ ಎತ್ತರದ ಕಿಂಡಿ, ನಿಮಗೆ ಅಂಗಳದಲ್ಲಿ ನಿಂತು ಹೊಟ್ಟು ಎಳೆದುಹಾಕಲು ಅಗಲವಾದ ಜೋಡಿ ಬಾಗಿಲು ಇರಲಿ. ಏಣಿಹಲಗೆ 4 ಅಡಿ ಉದ್ದವಿದ್ದರೆ 2 ಅಡಿ ಏರಲು ಮರಿಗಳಿಗೂ ಆಗುತ್ತದೆ.

ಆರನೆಯ ಹೆಜ್ಜೆ: ಗಾಳಿ

ಜಾಗ ಸರಿಯಿದ್ದೂ ಕೋಳಿಗಳು ಕೆಮ್ಮಿದರೆ ಗಾಳಿಯ ಕಿಂಡಿ ಸಾಲದು ಎಂದು ತಿಳಿಯಬೇಕು. ಉಸಿರಿನ ತೇವ ಮತ್ತು ಹಿಕ್ಕೆಯ ತೇವ ಹೊರಹೋಗದಿದ್ದರೆ ಹೊಟ್ಟು ಒದ್ದೆಯಾಗಿ ಅಮೋನಿಯಾ ಏಳುತ್ತದೆ, ಕಣ್ಣು ಶ್ವಾಸನಾಳಗಳು ಕೆಡುತ್ತವೆ, ಒದ್ದೆ ಹೊಟ್ಟಿನಲ್ಲಿ ಮರಿಗಳಿಗೆ ರಕ್ತಭೇದಿ ಬೇಗ ಹರಡುತ್ತದೆ. ಹತ್ತು ಚದರಡಿ ನೆಲಕ್ಕೆ ಒಂದು ಚದರಡಿ ಕಿಂಡಿ ಎಂಬ ಸಾಮಾನ್ಯ ಲೆಕ್ಕವನ್ನು ನಮ್ಮ ತೇವದ ಹವೆಗೆ ದುಪ್ಪಟ್ಟು ಮಾಡಿಕೊಳ್ಳಬೇಕು. 24 ಚದರಡಿಗೆ ಸುಮಾರು 5 ಚದರಡಿ. ಉತ್ತರ ಮತ್ತು ದಕ್ಷಿಣದ 4 ಅಡಿ ಗೋಡೆಗಳ ಮೇಲಂಚಿನಲ್ಲಿ, ಸೂರಿನ ಕೆಳಗೇ, 8 ಅಂಗುಲ ಎತ್ತರದ ಪಟ್ಟಿಯನ್ನು ಜಾಲರಿ ಹಾಕಿ ತೆರೆದಿಟ್ಟರೆ ಇಷ್ಟು ಸಿಗುತ್ತದೆ. ಕೋಲಿನ ಮೇಲೆ ಕೂತ ಕೋಳಿಯ ತಲೆಗಿಂತ ಪಟ್ಟಿ ಮೇಲಿರುವುದರಿಂದ ಥಂಡಿಗಾಳಿ ಮೈಗೆ ನೇರ ಬಡಿಯುವುದಿಲ್ಲ.

ಪರೀಕ್ಷೆ ಸರಳವಾಗಿದೆ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಕೋಳಿಯ ತಲೆಯ ಮಟ್ಟಕ್ಕೆ ಬಗ್ಗಿ ಉಸಿರೆಳೆದುಕೊಳ್ಳಿ; ಮೂಗಿಗೆ ಘಾಟು ಹೊಡೆದರೆ ಅಥವಾ ಕಣ್ಣು ಉರಿದರೆ ಕಿಂಡಿಯನ್ನು ದೊಡ್ಡದು ಮಾಡಬೇಕು, ಇಲ್ಲವೇ ಕೋಳಿಗಳನ್ನು ಕಡಿಮೆ ಮಾಡಬೇಕು. ಒಂದು ಹಿಡಿ ಹೊಟ್ಟನ್ನು ಮುಷ್ಟಿಯಲ್ಲಿ ಹಿಸುಕಿ ಬಿಟ್ಟಾಗ ಉಂಡೆಯಾಗಿ ನಿಂತರೆ ತೇವ ಹೆಚ್ಚಾಗಿದೆ, ಸಡಿಲವಾಗಿ ಒಡೆದುಹೋದರೆ ಸರಿಯಿದೆ.

ಏಳನೆಯ ಹೆಜ್ಜೆ: ಅಂಗಳ ಮತ್ತು ಕಾವಲು

ಮೇವಿನ ತೊಟ್ಟಿಯನ್ನು ಅಂಗಳದಲ್ಲೇ ಇಡಿ, ರಾತ್ರಿಗೂಡಿನೊಳಗೆ ಬೇಡ. ಅಲ್ಲಿಟ್ಟರೆ ನೆಲವೂ ಕಡಿಮೆಯಾಗುತ್ತದೆ, ಇಲಿ ಹೆಗ್ಗಣಗಳೂ ಬರುತ್ತವೆ. ದೊಡ್ಡ ಕೋಳಿಗೆ 4 ಅಂಗುಲ, ಮರಿಗೆ 3 ಅಂಗುಲ ಅಂಚು ಬೇಕು; ಎರಡೂ ಬದಿಯಿಂದ ತಿನ್ನಬಹುದಾದ 3 ಅಡಿಯ ತೊಟ್ಟಿ ಹದಿನೆಂಟಕ್ಕೂ ಸಾಕು. ನೀರಿಗೆ 5 ಲೀಟರಿನ ಪಾತ್ರೆ ಒಂದು ದಿನಕ್ಕೆ ಬರುತ್ತದೆ.

ಮಲೆನಾಡಿನಲ್ಲಿ ಮುಂಗುಸಿ, ಕಬ್ಬೆಕ್ಕು, ಕಾಡುಬೆಕ್ಕು, ನರಿ, ಕೆರೆಹಾವು, ನಾಗರಹಾವು, ಬೀದಿನಾಯಿ ಎಲ್ಲವೂ ಕೋಳಿಗೂಡನ್ನು ಹುಡುಕಿ ಬರುತ್ತವೆ. ಆದ್ದರಿಂದ ಕೆಳಗಿನ ಮೂರು ಅಡಿಗೆ ಮತ್ತು ಎಲ್ಲ ಗಾಳಿಕಿಂಡಿಗಳಿಗೆ ಅರ್ಧ ಅಂಗುಲ ಕಣ್ಣಿನ ವೆಲ್ಡ್ ಮೆಶ್ ಬಳಸಬೇಕು. ಮೇಲ್ಭಾಗಕ್ಕೆ ಒಂದು ಅಂಗುಲದ್ದು ನಡೆಯುತ್ತದೆ. ತೋಟದ ಬೇಲಿಗೆ ಹಾಕುವ ದೊಡ್ಡ ಕಣ್ಣಿನ ಚೈನ್‌ಲಿಂಕ್‌ನಲ್ಲಿ ಮುಂಗುಸಿ ಸಲೀಸಾಗಿ ನುಸುಳುತ್ತದೆ. ಜಾಲರಿಯನ್ನು ಲೆಕ್ಕ ಹಾಕುವಾಗ ಗೋಡೆಯ ಎತ್ತರವನ್ನು ಮಾತ್ರ ಅಳೆಯುವುದು ಸಾಲದು. ಕೆಳಗೆ ಒಂದು ಅಡಿ ಹೂಳಬೇಕು, ಅಥವಾ ಒಂದೂವರೆ ಅಡಿಯನ್ನು ಹೊರಕ್ಕೆ ಮಡಚಿ ನೆಲದ ಮೇಲೆ ಹರಡಿ ಕಲ್ಲು ಹೇರಬೇಕು. ನೆಲ ಅಗೆಯುವ ಪ್ರಾಣಿ ಗೋಡೆಯ ಬುಡದಲ್ಲೇ ಅಗೆಯುತ್ತದೆ, ಜಾಲರಿ ಸಿಕ್ಕರೆ ಬಿಡುತ್ತದೆ. ಬಾಗಿಲಿಗೆ ತಿರುಗಿಸುವ ಮರದ ತುಂಡು ಸಾಲದು, ಮೇಲೆ ಕೆಳಗೆ ಎರಡು ಚಿಲಕ ಬೇಕು. ಚಿರತೆಯ ಓಡಾಟವಿರುವ ಕಡೆ ರಾತ್ರಿಗೂಡಿನ ಗೋಡೆ ಹಲಗೆಯದೋ ಇಟ್ಟಿಗೆಯದೋ ಆಗಿರಲಿ, ಗೂಡು ಮನೆಗೆ ಹತ್ತಿರವಿರಲಿ.

ಹೊಸದಾಗಿ ತಂದ ಕೋಳಿಯನ್ನು ಹಳೆಯ ಕೋಳಿಗಳ ಜೊತೆ ನೇರ ಬಿಡುವುದು ಅಪಾಯ. ರಾಣಿಖೇತ್ ಎಂಬ ಅಂಟುರೋಗ ಹೊಕ್ಕರೆ ಗೂಡಿಗೆ ಗೂಡೇ ಬರಿದಾಗುತ್ತದೆ. 3 ಅಡಿಗೆ 2 ಅಡಿಯ ಒಂದು ಸಣ್ಣ ಪಂಜರವನ್ನು ಗೂಡಿನಿಂದ ದೂರ, ಮನೆಯ ಇನ್ನೊಂದು ಬದಿಯಲ್ಲಿ ಮಾಡಿಟ್ಟುಕೊಂಡರೆ ಹೊಸ ಕೋಳಿಗಳನ್ನು ಮೂರು ವಾರ ಅಲ್ಲಿ ಇಡಬಹುದು. ಕಾಯಿಲೆ ಬಿದ್ದದ್ದಕ್ಕೂ ಅದೇ ಆಗುತ್ತದೆ. ಲಸಿಕೆಯ ವೇಳಾಪಟ್ಟಿಯನ್ನು ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ ಬರೆದುಕೊಳ್ಳಿ. ಹಾಸನದ ಸುತ್ತಮುತ್ತಲಿನವರಿಗೆ ಅಲ್ಲಿನ ಪಶುವೈದ್ಯಕೀಯ ಕಾಲೇಜೂ ಇದೆ.

ಮುಂದೆ ಕೋಳಿಗಳನ್ನು ಹೆಚ್ಚಿಸುವ ಯೋಚನೆ ಇದ್ದರೆ ಪೂರ್ವದ ತುದಿಯ ಜಾಲರಿಯನ್ನು ಮೊಳೆ ಹೊಡೆದು ಭದ್ರ ಮಾಡದೆ ಚೌಕಟ್ಟಿಗೆ ಬಿಗಿದು ಬೋಲ್ಟಿನಿಂದ ನಿಲ್ಲಿಸಿ, ಆಚೆಗೆ ಹತ್ತು ಅಡಿ ಜಾಗವನ್ನು ಗಿಡ ನೆಡದೆ ಬಿಡಿ. ಅಂಗಳವನ್ನು ಆ ಕಡೆ ಬೆಳೆಸುವುದು ಒಂದು ದಿನದ ಕೆಲಸ. ರಾತ್ರಿಗೂಡನ್ನು ಹಿಗ್ಗಿಸುವುದು ಮಾತ್ರ ಸೂರು ಬಿಚ್ಚದೆ ಆಗದು. ಸಂಖ್ಯೆ ಹೆಚ್ಚುವ ಸಾಧ್ಯತೆ ಕಂಡರೆ ಅದನ್ನು ಈಗಲೇ 6 ಅಡಿಗೆ 5 ಅಡಿ ಮಾಡಿ ಮೂರನೆಯ ಅಡ್ಡಗೋಲಿಗೆ ಜಾಗ ಇಟ್ಟುಕೊಳ್ಳುವುದು ಉತ್ತಮ.